ಹುಂಜ ಮೈಮೇಲೆ ಬಂದರೆ, ಹೇಂಟೆಗೆ ಗಾಯವಾದರೆ

ನಮ್ಮ ಹಿತ್ತಲಲ್ಲಿ ಒಂಬತ್ತು ನಾಟಿ ಹೇಂಟೆ, ಮೂರು ಹುಂಜ ಇದ್ದವು. ತಪ್ಪಾಗಿದ್ದೇ ಅಲ್ಲಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಜಾಸ್ತಿಯಾದರೆ ತಮ್ಮಲ್ಲೇ ಕಾದಾಡುತ್ತವೆ, ಹೇಂಟೆಗಳ ಬೆನ್ನಿನ ಗರಿಯನ್ನೂ ಬೋಳು ಮಾಡುತ್ತವೆ. ಎರಡು ಹುಂಜ ಹೊಸತೊಡಕಿಗೆ ಸಾರಾದವು.

ಉಳಿದವನು ಕೆಂಚ. ಆರು ತಿಂಗಳು ತುಂಬುತ್ತಲೇ ನಮ್ಮತ್ತೆಯ ಹಿಂದೆ ಬಿದ್ದ. ಸುಮ್ನೆ ಹಾರುವುದಿಲ್ಲ ಅವನು. ಮೊದಲು ಒಂದು ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ನಡೆಯುತ್ತಾನೆ, ಕತ್ತಿನ ಗರಿ ಕೆದರುತ್ತಾನೆ. ಅತ್ತೆ ಪೊರಕೆ ಬೀಸಿ ಓಡುತ್ತಿದ್ದರು. ಎರಡೂ ಕೆಲಸ ಕೆಟ್ಟದ್ದು. ಹೊಡೆದರೆ ಜಗಳ ಬೆಳೆಯುತ್ತದೆ, ಓಡಿದರೆ ಅವನು ಗೆದ್ದ ಹಾಗೆ. ನಾನು ಬಕೆಟ್ ಅಡ್ಡ ಹಿಡಿದು, ಅವನು ಮುಖ ತಿರುಗಿಸುವ ತನಕ ನಿಂತಲ್ಲೇ ನಿಲ್ಲುತ್ತಿದ್ದೆ. ಆಮೇಲೆ ರೆಕ್ಕೆ ಸಮೇತ ಅವುಚಿ ಹಿಡಿದು, ಕಂಕುಳಲ್ಲಿಟ್ಟುಕೊಂಡು ಹತ್ತು ನಿಮಿಷ ಹಿತ್ತಲು ಸುತ್ತುತ್ತಿದ್ದೆ. ಹಗಲಲ್ಲಿ ಸಿಗದಿದ್ದರೆ ಕತ್ತಲಾದ ಮೇಲೆ ಹಿಡಿಯಿರಿ, ಆಗ ಕೋಳಿಗೆ ಕಣ್ಣು ಮಂಜು. ಮೂರು ವಾರಕ್ಕೆ ನನ್ನ ತಂಟೆ ಬಿಟ್ಟ. ಅತ್ತೆಯದು ಇನ್ನೂ ಬಿಟ್ಟಿಲ್ಲ. ಚಿಕ್ಕ ಮಕ್ಕಳನ್ನಂತೂ ಒಬ್ಬರೇ ಬಿಡಬೇಡಿ. ಅವನು ಹಾರುವ ಎತ್ತರಕ್ಕೇ ಅವರ ಕಣ್ಣಿರುತ್ತದೆ.

ಹುಂಜದ ಕಾಲಿನ ಹಿಂದೆ ಬೆಳೆಯುವ ಮುಳ್ಳು ಚೂಪಾದರೆ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಿ. ಬುಡದಿಂದ ಕತ್ತರಿಸಬೇಡಿ, ಒಳಗೆ ಮೂಳೆಯಿದೆ, ರಕ್ತ ನಿಲ್ಲುವುದಿಲ್ಲ. ಆ ಮುಳ್ಳು ನಿಮಗೇ ಚುಚ್ಚಿದರೆ ಸೋಪು ಹಾಕಿ ತೊಳೆದು ಡಾಕ್ಟರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬೇಕಾಗಬಹುದು.

ಒಂದು ದಿನ ಬಿಳಿ ಹೇಂಟೆ ಕಾಳು ಹಾಕಿದರೂ ಬರಲಿಲ್ಲ, ಮೂಲೆಯಲ್ಲಿ ಮುದುರಿ ಕೂತಿತ್ತು. ಮೇಲೆ ಏನೂ ಕಾಣಲಿಲ್ಲ. ರೆಕ್ಕೆ ಎತ್ತಿದರೆ ಪಕ್ಕೆಯಲ್ಲಿ ಬೆರಳುದ್ದ ಚರ್ಮ ಹರಿದಿದೆ! ಕೆಂಚ ಬೆನ್ನೇರುವಾಗ ಮುಳ್ಳು ತಾಗಿತ್ತು. ಹುಂಜ ಇರುವ ಮನೆಯಲ್ಲಿ ವಾರಕ್ಕೊಮ್ಮೆ ರೆಕ್ಕೆಯಡಿ ನೋಡಲೇಬೇಕು.

ಮೊದಲು ಅದನ್ನು ಬೇರೆ ಮಾಡಿ, ಮಂಕರಿ ಕವುಚಿದೆ. ರಕ್ತ ಕಂಡರೆ ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಸಾಯಿಸಿಬಿಡುತ್ತವೆ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ, ನಡುವೆ ತೆಗೆದು ನೋಡಬೇಡಿ. ಒಂದು ಲೀಟರ್ ನೀರು ಕುದಿಸಿ ಆರಿಸಿ, 9 ಗ್ರಾಂ ಉಪ್ಪು ಹಾಕಿ, ಸೂಜಿ ತೆಗೆದ ಸಿರಿಂಜಿನಿಂದ ಗಾಯ ತೊಳೆದೆ. ಅಂಚಿನ ಗರಿ ಕತ್ತರಿಸಿ ಪೊವಿಡೋನ್ ಅಯೋಡಿನ್ ಹಚ್ಚಿದೆ. ಪಕ್ಕದ ಮನೆಯವರು ಸೀಮೆಎಣ್ಣೆ ಹಚ್ಚಿ ಅಂದರು. ಬೇಡವೇ ಬೇಡ, ಸುಡುತ್ತದೆ. ನೊಣ ಕೂರದ ಹಾಗೆ ಮಂಕರಿಗೆ ಸೊಳ್ಳೆಪರದೆ ಹೊದಿಸಿ, ದಿನಕ್ಕೆರಡು ಸಲ ಗಾಯ ನೋಡುತ್ತಿದ್ದೆ.

ಮಾಂಸ ಕಂಡರೆ, ವಾಸನೆ ಬಂದರೆ, ಹುಳ ಬಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಔಷಧಿ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಅಲ್ಲೇ ಕೇಳಿ.

ಗಾಯ ಪೂರ್ತಿ ಒಣಗಿದ ಮೇಲೆ, ರಾತ್ರಿ ಎಲ್ಲ ನಿದ್ದೆಯಲ್ಲಿದ್ದಾಗ ಬಿಳಿ ಹೇಂಟೆಯನ್ನು ಗೂಡಿನ ಕೋಲಿನ ಮೇಲೆ ಕೂರಿಸಿದೆ. ಬೆಳಿಗ್ಗೆ ಯಾವುದೂ ಕುಕ್ಕಲಿಲ್ಲ. ಕೆಂಚ ಮಾತ್ರ ರೆಕ್ಕೆ ಇಳಿಬಿಟ್ಟು ಹತ್ತಿರ ಬಂದ. ನಾನೂ ಬಕೆಟ್ ಹಿಡಿದು ಅಲ್ಲೇ ನಿಂತಿದ್ದೆ.