ನೈರುತ್ಯದ ಖೋಲಿಯನ್ನು ತಂಪಾಗಿಟ್ಟ ಕತೆ

ಸಿಂಧನೂರಿನ ಆ ಸೈಟು 30×50. ರಸ್ತೆ ಪಶ್ಚಿಮಕ್ಕೆ, ಕೆಳಗೆ ಅಪ್ಪಟ ಎರೆಮಣ್ಣು. ಕಟ್ಟಿಸುವವರು ಒಬ್ಬ ನಿವೃತ್ತ ಮಾಸ್ತರು ಮತ್ತು ಅವರ ಮನೆಯವರು. ರಾಯಚೂರಿನಲ್ಲಿ ಮನೆ ಡಿಸೈನ್ ಮಾಡುವ ನನ್ನ ಹತ್ತಿರ ಬಂದವರೆಲ್ಲ ಮೊದಲು ಮೊಬೈಲ್ ತೆಗೆದು ಎಲಿವೇಶನ್ ಫೋಟೋ ತೋರಿಸುತ್ತಾರೆ. ನಾನು ಕೇಳುವುದು ಬೇರೆ. ಮೇ ತಿಂಗಳ ಮಧ್ಯಾಹ್ನ ಎಲ್ಲಿ ಅಡ್ಡಾಗುತ್ತೀರಿ? ರಾತ್ರಿ ಎಲ್ಲಿ ಮಲಗುತ್ತೀರಿ?

ಮಾಸ್ತರು ಖಡಾಖಂಡಿತ ಹೇಳಿಬಿಟ್ಟರು: "ವಾಸ್ತು ಬಿಡಾಂಗಿಲ್ಲ ನೋಡ್ರಿ. ನಮ್ಮ ಖೋಲಿ ನೈರುತ್ಯದಾಗೇ ಬರ್ಬೇಕು."

ನಮ್ಮ ಕಡೆ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಯುವ ಮೂಲೆ ಅದೇ. ಮಧ್ಯಾಹ್ನದ ಮೇಲೆ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬಂದು ಗೋಡೆಗೇ ಹೊಡೆಯುತ್ತದೆ. ಎರಡಡಿ ಸಜ್ಜಾ ಅದಕ್ಕೆ ಯಾವ ಲೆಕ್ಕ? 42, 43 ಡಿಗ್ರಿ ಮುಟ್ಟಿದ ದಿನ ಆ ಗೋಡೆ ಹಗಲೆಲ್ಲ ಕುಡಿದ ಕಾವನ್ನು ಸರಿಯಾಗಿ ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ.

ನಾನು ವಾದಕ್ಕೆ ಇಳಿಯಲಿಲ್ಲ. ನೈರುತ್ಯದಲ್ಲಿ ಭಾರ ಇರಬೇಕು ಅಂತಲೂ ವಾಸ್ತುವಿನವರೇ ಹೇಳುತ್ತಾರೆ, ಅಲ್ವಾ? ಆ ಮಾತನ್ನೇ ಹಿಡಿದುಕೊಂಡೆ. ಪಶ್ಚಿಮದ ಗೋಡೆ ಉದ್ದಕ್ಕೂ ನೆಲದಿಂದ ಛತ್ತಿನವರೆಗೆ ಕಪಾಟು ಇಟ್ಟೆ. ಆ ಕಡೆ ಕಿಟಕಿಯೇ ಇಲ್ಲ. ಬಿಸಿಲಿನ ಕಾವು ಗೋಡೆ ದಾಟಿದರೂ ಬಟ್ಟೆ, ಹಾಸಿಗೆ, ಪುಸ್ತಕಗಳನ್ನು ದಾಟಿ ಮಂಚದ ಹತ್ತಿರ ಬರಬೇಕು. ಮಾಸ್ತರಿಗೂ ಖುಷಿ, ನನಗೂ ಖುಷಿ.

ಗೋಡೆಯನ್ನು ರ್‍ಯಾಟ್ ಟ್ರ್ಯಾಪ್ ಪದ್ಧತಿಯಲ್ಲಿ ಕಟ್ಟಿಸಿದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಹಳ ಬಳಸಿದ ಪದ್ಧತಿ ಇದು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. 9 ಇಂಚಿನ ಗೋಡೆಯೊಳಗೆ ಪೊಳ್ಳು ಉಳಿಯುತ್ತದೆ. ಆ ಗಾಳಿ ಕಾವನ್ನು ತಡೆಯುತ್ತದೆ, ಇಟ್ಟಿಗೆಯೂ ಸುಮಾರು ಕಾಲು ಭಾಗ ಉಳಿಯುತ್ತದೆ. ಇದಕ್ಕೆ ಅಳತೆ ಒಂದೇ ಸಮ ಇರುವ ಇಟ್ಟಿಗೆ ಬೇಕು. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದ ಬೂದಿ ಪಕ್ಕದಲ್ಲೇ ಇರುವಾಗ ನಮಗೆ ಬೂದಿ ಇಟ್ಟಿಗೆಗೆ ಏನು ಕೊರತೆ? ಗೌಂಡಿ ಮಾತ್ರ ಗೊಣಗಿದ: "ಗ್ವಾಡಿ ಟೊಳ್ಳಾದ್ರ ಗಟ್ಟಿ ಹ್ಯಾಂಗ ಇರ್ತದ್ರಿ ಸರ್?" ಭಾರ ಹೊರುವುದು ಕಾಲಮ್ಮು, ಗೋಡೆ ಅಲ್ಲ ಅಂತ ಹೇಳಿ, ಮೊದಲ ನಾಲ್ಕು ವರಸೆ ಪಕ್ಕದಲ್ಲೇ ನಿಂತು ಹಾಕಿಸಿದೆ.

ಕಿಟಕಿಯನ್ನು ದಕ್ಷಿಣಕ್ಕೆ ಕೊಟ್ಟೆ. ಮೇ ತಿಂಗಳಿಂದ ಆಗಸ್ಟ್ ಶುರುವಿನ ತನಕ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಗೆ ನೆರಳು. ಕೂಲರ್ ಇಡಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕಿಟಕಿಯ ಹೊರಗೆ ಕಲ್ಲಿನ ಹಲಗೆ, ಒಂದು ನಲ್ಲಿ, 15 ಆಂಪಿಯರ್ ಪಾಯಿಂಟು ಡ್ರಾಯಿಂಗ್‌ನಲ್ಲೇ ತೋರಿಸಿದೆ. ಎದುರು ಬಾಗಿಲ ಮೇಲೆ ತೆರೆಯುವ ಕಿಂಡಿ ಇಟ್ಟೆ. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಇರದಿದ್ದರೆ ಕೂಲರ್ ಸುಮ್ನೆ ಖೋಲಿಯನ್ನು ಜಿಗುಟು ಮಾಡುತ್ತದೆ. ಎಷ್ಟೋ ಮನೆಯಲ್ಲಿ ಬಾಗಿಲು ಕಿಟಕಿ ಬಿಗಿಯಾಗಿ ಹಾಕಿಕೊಂಡು ಕೂಲರ್ ಕಂಪನಿಯನ್ನು ಬೈಯುವುದನ್ನು ನೋಡಿದ್ದೇನೆ.

ಸ್ಲ್ಯಾಬಿನ ಮೇಲೆ ಕೋಬಾ, ಅಂದರೆ ಗಾರೆಯಲ್ಲಿ ಕೂರಿಸಿದ ಇಟ್ಟಿಗೆ ಚೂರಿನ ಪದರ, ಅದರ ಮೇಲೆ ಬಿಳಿ ಟೈಲ್ಸ್ ಚೂರು. ಅಂಗಡಿಯಲ್ಲಿ ಒಡೆದ ಟೈಲ್ಸ್ ಅಗ್ಗಕ್ಕೆ ಸಿಗುತ್ತವೆ. ಹಳೆ ಮಣ್ಣಿನ ಮಾಳಿಗೆಯ ತಂಪು ಪೂರ್ತಿ ಬರಲ್ಲ, ಆದರೆ ಬರಿಯ ಸಿಮೆಂಟ್ ತಾರಸಿಗಿಂತ ಎಷ್ಟೋ ವಾಸಿ. ಬೇಸಿಗೆ ರಾತ್ರಿ ಮೇಲೆ ಮಲಗುವ ರೂಢಿ ಇವರಿಗಿದೆ. ಅಲ್ಲೂ ಒಂದು ನಲ್ಲಿ, ಒಂದು ಫ್ಯಾನ್ ಪಾಯಿಂಟು ಕೊಟ್ಟೆ.

ಎರೆಮಣ್ಣಿನ ವಿಷಯದಲ್ಲಿ ಮಾತ್ರ ನಾನು ಒಂದು ರೂಪಾಯಿ ಉಳಿಸಲು ಬಿಡುವುದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗೋಡೆ ಸೀಳುತ್ತದೆ. ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರಬಹುದು. ಅದಕ್ಕೇ ಬುಡ ಅಗಲ ಇರುವ ಪೈಲ್, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬ ಇಳಿಸಿ, ಮೇಲಿನ ಬೀಮಿನ ಕೆಳಗೆ ಮೂರು ಇಂಚಿಗಿಂತ ಸ್ವಲ್ಪ ಜಾಸ್ತಿ ಖಾಲಿ ಬಿಟ್ಟೆ. ಮಣ್ಣು ಉಬ್ಬಿದರೆ ಉಬ್ಬಿಕೊಳ್ಳಲಿ. ನೆಲದಡಿ ತುಂಬಲು ಮುರುಮ್, ಅಂದರೆ ಉಬ್ಬದ ಗರಸು ಮಣ್ಣು ತರಿಸಿದೆ. ಸಂಪನ್ನು ಗೋಡೆಯಿಂದ ದೂರ ಹಾಕಿಸಿದೆ, ಅದು ಸೋರಿದರೆ ಎರೆಮಣ್ಣಿಗೆ ವರ್ಷವಿಡೀ ಮಳೆಗಾಲ.

ಇನ್ನು ವಯಸ್ಸಿನ ಲೆಕ್ಕ. ಮಲಗುವ ಖೋಲಿ ಕೆಳಗೇ ಇದೆ. ಬಚ್ಚಲ ಬಾಗಿಲೂ ಮೂರಡಿ, ಹೊಸ್ತಿಲಿಲ್ಲ, ಜಾರದ ಟೈಲ್ಸ್. ಮೆಟ್ಟಿಲಿನ ಎತ್ತರ ಆರು ಇಂಚು ದಾಟಿಲ್ಲ. ಕಮೋಡಿನ ಪಕ್ಕ ಹಿಡಿಕೆ ಹಾಕಿಸೋಣ ಅಂದಾಗ ಮಾಸ್ತರು ಒಪ್ಪಲಿಲ್ಲ. "ನಾ ಏನು ಮುದುಕ ಆಗೀನೇನ್ರಿ?" ಅಂದರು. ಆಯ್ತು ಅಂದೆ. ಆದರೆ ಟೊಳ್ಳು ಗೋಡೆಯಲ್ಲಿ ಆಮೇಲೆ ಬೋಲ್ಟ್ ನಿಲ್ಲಲ್ಲ. ಹಾಗಾಗಿ ಹಿಡಿಕೆ ಬರಬೇಕಾದ ಕಡೆ ಕಾಂಕ್ರೀಟ್ ಬ್ಲಾಕ್ ಕೂರಿಸಿ, ಟೈಲ್ಸ್ ಹಾಕುವ ಮುಂಚೆ ಅಳತೆ ಟೇಪ್ ಹಿಡಿದು ಫೋಟೋ ತೆಗೆದೆ. ಒಂದು ಪ್ರತಿ ಡ್ರಾಯಿಂಗ್ ಜೊತೆ ಇಟ್ಟೆ, ಇನ್ನೊಂದನ್ನು ಅವರ ಮಗನ ವಾಟ್ಸ್ಯಾಪ್‌ಗೆ ಕಳಿಸಿದೆ.