ಮಿಕ್ಸ್ ಮಾಡುವಾಗ ಸಾಫ್ಟ್‌ವೇರ್ ಹ್ಯಾಂಗ್ ಆದರೆ

ಹಾಡು ಮಿಕ್ಸ್ ಮಾಡುವ ರೀಪರ್, ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೋದಂಥ ಸಾಫ್ಟ್‌ವೇರಿನ ಪರದೆ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬಂದ ಕೂಡಲೇ ಮುಚ್ಚಬೇಡಿ. 5 ಸೆಕೆಂಡ್ ಮಿಸುಕಾಡದಿದ್ದರೆ ಸಾಕು, ವಿಂಡೋಸ್ ಆ ಹಣೆಪಟ್ಟಿ ಹಚ್ಚಿಬಿಡುತ್ತದೆ. ಸಾಫ್ಟ್‌ವೇರ್ ಒಳಗೊಳಗೆ ದುಡಿಯುತ್ತಿರಲೂಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು, ಅದರ ಸಾಲಿನಲ್ಲಿ ಸಿಪಿಯು ಮತ್ತು ಡಿಸ್ಕ್ ನೋಡಿ.

ಡಿಸ್ಕ್ ಓಡುತ್ತಿದ್ದರೆ ಸ್ಯಾಂಪಲ್‌ಗಳು (ವಾದ್ಯದ ದನಿಯ ರೆಕಾರ್ಡ್ ಮಾಡಿಟ್ಟ ತುಣುಕುಗಳು) ಲೋಡ್ ಆಗುತ್ತಿರಬಹುದು. ಹಳೇ ಹಾರ್ಡ್ ಡಿಸ್ಕ್ ಆದರೆ ಕೆಲವು ನಿಮಿಷ ಕಾಯಲೇಬೇಕು. ಎರಡೂ ಸೊನ್ನೆಯಾಗಿದ್ದರೆ ಅದು ಯಾವುದಕ್ಕೋ ಕಾಯುತ್ತಾ ಕೂತಿದೆ. ಆಲ್ಟ್ ಮತ್ತು ಟ್ಯಾಬ್ ಒತ್ತಿ ನೋಡಿ, ಯಾವುದೋ ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಎಫೆಕ್ಟ್ ಅಥವಾ ವಾದ್ಯ) ಪ್ರಶ್ನೆ ಕೇಳಿ ಹಿಂದೆ ಅಡಗಿಕೊಂಡಿರುವುದುಂಟು. ಸಿಪಿಯು ಒಂದೇ ಅಂಕಿಗೆ ಕಚ್ಚಿಕೊಂಡು ನಿಂತಿದ್ದರೆ, ಅಂದರೆ 8 ಥ್ರೆಡ್‌ನ (ಒಟ್ಟಿಗೆ 8 ಕೆಲಸ ನಡೆಸುವ) ಪ್ರೊಸೆಸರ್‌ನಲ್ಲಿ ಸುಮಾರು ಶೇ. 12ರಲ್ಲಿ, ಒಂದು ಥ್ರೆಡ್ ಎಲ್ಲೋ ಗಿರಕಿ ಹೊಡೆಯುತ್ತಿದೆ. ಐದು ನಿಮಿಷ ನೋಡಿ ಮುಚ್ಚಿ.

ಮಲೆನಾಡಿನಲ್ಲಿ ಮೊದಲ ಅನುಮಾನ ಮಾತ್ರ ಕರೆಂಟಿನ ಮೇಲಿರಲಿ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವಷ್ಟರಲ್ಲಿ, ಅಡಾಪ್ಟರ್‌ನಿಂದ ನಡೆಯುವ ಆಡಿಯೊ ಇಂಟರ್ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಒಂದು ಗಳಿಗೆ ಆರಿ ಹತ್ತುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇರುವುದರಿಂದ ನಿಮಗೆ ಗೊತ್ತೂ ಆಗುವುದಿಲ್ಲ. ಇಂಟರ್ಫೇಸನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಮಾತ್ರ ಕಳೆದುಹೋದ ಇಂಟರ್ಫೇಸನ್ನೇ ಹುಡುಕುತ್ತಾ ಇಡೀ ಸಾಫ್ಟ್‌ವೇರನ್ನು ಹಿಡಿದು ನಿಲ್ಲಿಸುತ್ತದೆ. ಯುಎಸ್‌ಬಿ ಕೇಬಲ್ ಎಳೆದು, ಹತ್ತು ಸೆಕೆಂಡ್ ಬಿಟ್ಟು ಚುಚ್ಚಿ. ಕೆಲವೊಮ್ಮೆ ಅಷ್ಟಕ್ಕೇ ಜೀವ ಬರುತ್ತದೆ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿ, ಬದಲಾವಣೆ ಬೇಗ ಆಗುತ್ತದೆ. ಆದರೆ ವೋಲ್ಟೇಜ್ ತೀರಾ ಬೀಳುವ ಊರಿನಲ್ಲಿ ಈ ಮೋಡ್ ಪದೇ ಪದೇ ಬ್ಯಾಟರಿಗೆ ಹಾರುತ್ತದೆ. ಅಲ್ಲಿ ಇಂಟರ್ಫೇಸಿಗೆ ಒಂದು ಸಣ್ಣ ಕಂಪ್ಯೂಟರ್ ಯುಪಿಎಸ್ ಕೊಡುವುದೇ ವಾಸಿ.

ಬ್ಯಾಟರಿಗೆ ಬಂದ ಲ್ಯಾಪ್‌ಟಾಪ್ ಪ್ರೊಸೆಸರ್‌ನ ವೇಗವನ್ನೂ ಇಳಿಸುತ್ತದೆ. ಆಗ ಬಫರ್, ಅಂದರೆ ಒಮ್ಮೆಗೆ ಲೆಕ್ಕ ಹಾಕುವ ದನಿಯ ತುಂಡಿನ ಅಳತೆ, ಏರಿಸಿ. ಸೆಕೆಂಡಿಗೆ 44,100 ಸ್ಯಾಂಪಲ್ (ಇಲ್ಲಿ, ದನಿಯ ಒಂದೊಂದು ಅಳತೆ) ಲೆಕ್ಕದಲ್ಲಿ 128ರ ಬಫರ್ ಅಂದರೆ 2.9 ಮಿಲಿಸೆಕೆಂಡ್, 1024 ಅಂದರೆ 23. ಅಷ್ಟರೊಳಗೆ ಎಲ್ಲ ಟ್ರ್ಯಾಕಿನ ಲೆಕ್ಕ ಮುಗಿಯದಿದ್ದರೆ ದನಿ ಚಟಪಟ ಅನ್ನುತ್ತದೆ. ಮದ್ದಳೆ ರೆಕಾರ್ಡ್ ಮಾಡುವಾಗ 128 ಇರಲಿ, ಇಲ್ಲದಿದ್ದರೆ ಬಾರಿಸುವವರಿಗೆ ತಮ್ಮದೇ ಪೆಟ್ಟು ಹೆಡ್‌ಫೋನಿನಲ್ಲಿ ತಡವಾಗಿ ಕೇಳುತ್ತದೆ. ಮಿಕ್ಸಿಂಗ್‌ಗೆ ಕೂತಾಗ 1024 ಮಾಡಿಕೊಳ್ಳಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಮಲಗಿಸುವ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಇದ್ದರೆ ಆಫ್ ಮಾಡಿಬಿಡಿ.

ಒಂದೇ ಪ್ರಾಜೆಕ್ಟ್ ತೆರೆದಾಗ ಮಾತ್ರ ಹ್ಯಾಂಗ್ ಆದರೆ ಕರೆಂಟನ್ನು ಬೈದು ಫಲವಿಲ್ಲ, ಬಹುಮಟ್ಟಿಗೆ ಅದು ಪ್ಲಗಿನ್ನಿನ ಕೆಲಸ. ರೀಪರ್‌ನಲ್ಲಿ ಫೈಲ್ ತೆರೆಯುವ ಕಿಟಕಿಯಲ್ಲೇ, ಎಫೆಕ್ಟ್‌ಗಳನ್ನೆಲ್ಲ ಆಫ್‌ಲೈನ್ (ಚಾಲೂ ಮಾಡದೆ) ಇಟ್ಟು ತೆರೆಯುವ ರಿಕವರಿ ಮೋಡ್‌ನ ಗುರುತುಪೆಟ್ಟಿಗೆ ಇದೆ. ಕ್ಯೂಬೇಸ್ ಶುರುವಾಗುವಾಗ ಕಂಟ್ರೋಲ್, ಶಿಫ್ಟ್, ಆಲ್ಟ್ ಒತ್ತಿ ಹಿಡಿದರೆ ಸೇಫ್ ಮೋಡ್ ಬರುತ್ತದೆ. ಹಾಗೆ ತೆರೆದು, ಅರ್ಧದಷ್ಟು ಪ್ಲಗಿನ್ ಮಾತ್ರ ಚಾಲೂ ಮಾಡಿ. ಹ್ಯಾಂಗ್ ಆದರೆ ಕಳ್ಳ ಅದರಲ್ಲೇ ಇದ್ದಾನೆ, ಇಲ್ಲದಿದ್ದರೆ ಉಳಿದರ್ಧದಲ್ಲಿ. 16 ಪ್ಲಗಿನ್ ಇದ್ದರೂ ನಾಲ್ಕೇ ಸುತ್ತಿಗೆ ಸಿಕ್ಕಿಬೀಳುತ್ತಾನೆ. ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದರೆ ಇಡೀ ಮಧ್ಯಾಹ್ನ ಹೋಗುತ್ತದೆ, ಕಳ್ಳ ಇದ್ದಲ್ಲೇ ಇರುತ್ತಾನೆ.

ಆ ಪ್ಲಗಿನ್ ಬೇಕೇ ಬೇಕು ಅನ್ನುವುದಾದರೆ ಅದರ ಹೊಸ ಆವೃತ್ತಿ ಹಾಕಿ ನೋಡಿ. ಆಗಲೂ ಸರಿಹೋಗದಿದ್ದರೆ ಅದನ್ನು ಸಾಫ್ಟ್‌ವೇರಿನಿಂದ ಬೇರೆ ಮಾಡಿ ಕೂರಿಸಿ: ಎಫ್‌ಎಲ್ ಸ್ಟುಡಿಯೋದಲ್ಲಿ ‘ಮೇಕ್ ಬ್ರಿಡ್ಜ್ಡ್’, ರೀಪರ್‌ನಲ್ಲಿ ‘ಡೆಡಿಕೇಟೆಡ್ ಪ್ರೋಸೆಸ್’. ಆಮೇಲೆ ಅದು ಕುಸಿದರೂ ಪ್ರಾಜೆಕ್ಟನ್ನು ಜೊತೆಗೆ ಎಳೆದುಕೊಂಡು ಬೀಳುವ ಸಂಭವ ಕಡಿಮೆ.

ಶುರುವಾಗುವಾಗಲೇ ನಿಂತುಬಿಟ್ಟರೆ ವೈಫೈ ಪೂರ್ತಿ ಆಫ್ ಮಾಡಿ ನೋಡಿ. ಲೈಸೆನ್ಸ್ ಪರೀಕ್ಷಿಸುವ ಪ್ಲಗಿನ್‌ಗಳಿಗೆ ನೆಟ್ ಇಲ್ಲವೇ ಇಲ್ಲ ಅಂದರೆ ಬೇಗ ಅರ್ಥವಾಗುತ್ತದೆ. ಮಳೆಗೆ ಅರ್ಧ ಸತ್ತ ನೆಟ್ ಇದ್ದರೆ ಉತ್ತರಕ್ಕೆ ಕಾಯುತ್ತಾ ಕೂರುತ್ತವೆ.

ಬಲವಂತವಾಗಿ ಮುಚ್ಚಲೇಬೇಕಾಯಿತೇ? ಮತ್ತೆ ತೆರೆದ ಮೇಲೆ ಮೂಲ ಫೈಲಿನ ಮೇಲೆ ಸೇವ್ ಮಾಡಬೇಡಿ, ಬೇರೆ ಹೆಸರು ಕೊಡಿ. ಮೂಲ ಫೈಲೇ ಕೆಟ್ಟಿದ್ದರೆ ಪ್ರಾಜೆಕ್ಟ್ ಫೋಲ್ಡರಿನಲ್ಲಿ ರೀಪರ್ ‘ಆರ್‌ಪಿಪಿ-ಬಿಎಕೆ’ ಎಂದೂ ಕ್ಯೂಬೇಸ್ ‘ಬಿಎಕೆ’ ಎಂದೂ ಕೊನೆಯಾಗುವ ಹಿಂದಿನ ಪ್ರತಿ ಇಟ್ಟಿರುತ್ತವೆ, ಅದನ್ನು ನಕಲು ಮಾಡಿಕೊಂಡು ತೆರೆಯಿರಿ.