ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ: ನೀವೇ ಲೆಕ್ಕ ಹಾಕುವುದು ಹೇಗೆ?

ದೂರದ ಲೆಕ್ಕ ಸುಲಭ, ಸಮಯದ್ದೇ ಕಿರಿಕಿರಿ. ಮೊದಲು ದೂರ ನೋಡೋಣ.

ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದಲ್ಲಿ ಬರೆದುಕೊಳ್ಳಿ. ಬಹುತೇಕ ತಪ್ಪುಗಳು ಆಗುವುದು ಇಲ್ಲೇ. 51 ಡಿಗ್ರಿ 28 ಮಿನಿಟ್ ಎಂದರೆ 51.28 ಅಲ್ಲ, 28ನ್ನು 60ರಿಂದ ಭಾಗಿಸಬೇಕು, ಆಗ 51.47 ಬರುತ್ತದೆ. ಪಶ್ಚಿಮ ರೇಖಾಂಶಕ್ಕೂ ದಕ್ಷಿಣ ಅಕ್ಷಾಂಶಕ್ಕೂ ಮೈನಸ್ ಚಿಹ್ನೆ ಹಾಕಿ. ಒಂದೇ ಊರಿಗೆ ಹಲವು ನಿಲ್ದಾಣಗಳಿದ್ದರೆ ಟಿಕೆಟ್‌ನಲ್ಲಿರುವ ಮೂರಕ್ಷರದ ಕೋಡ್ ನೋಡಿಯೇ ಆರಿಸಿ.

ಸೂತ್ರ ಇದು (ಕೋನ ಎಂದರೆ ಭೂಮಿಯ ಕೇಂದ್ರದಲ್ಲಿ ಎರಡು ನಿಲ್ದಾಣಗಳ ನಡುವೆ ಉಂಟಾಗುವ ಕೋನ; ಸೈನ್, ಕಾಸ್ ಎಂದರೆ ಕ್ಯಾಲ್ಕುಲೇಟರ್‌ನ sin, cos ಗುಂಡಿಗಳು):

ಕಾಸ್(ಕೋನ) = ಸೈನ್(ಅಕ್ಷಾಂಶ 1) × ಸೈನ್(ಅಕ್ಷಾಂಶ 2) + ಕಾಸ್(ಅಕ್ಷಾಂಶ 1) × ಕಾಸ್(ಅಕ್ಷಾಂಶ 2) × ಕಾಸ್(ರೇಖಾಂಶಗಳ ವ್ಯತ್ಯಾಸ)

ಲಂಡನ್ ಹೀಥ್ರೂ (51.47, −0.46), ನ್ಯೂಯಾರ್ಕ್ ಜೆಎಫ್‌ಕೆ (40.64, −73.78) ತೆಗೆದುಕೊಳ್ಳಿ. ರೇಖಾಂಶಗಳ ವ್ಯತ್ಯಾಸ 73.32. ಬಲಬದಿಯ ಮೊತ್ತ 0.6452, ಕ್ಯಾಲ್ಕುಲೇಟರ್‌ನಲ್ಲಿ ಅದರ ವಿಲೋಮ ಕಾಸ್ (cos⁻¹) ತೆಗೆದರೆ ಕೋನ 49.82 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ.ಯಂತೆ ಗುಣಿಸಿದರೆ 5,540 ಕಿ.ಮೀ. ಉತ್ತರ ವಿಚಿತ್ರವಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದೆಯೇ ನೋಡಿ. ಭೂಮಿ ಪೂರ್ತಿ ಗೋಳವಲ್ಲದ ಕಾರಣ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ನಾಟಿಕಲ್ ಮೈಲು ಬೇಕಿದ್ದರೆ 1.852ರಿಂದ ಭಾಗಿಸಿ, ಸಾಮಾನ್ಯ ಮೈಲಿಗೆ 1.609. ಚಪ್ಪಟೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯುವುದಂತೂ ಬೇಡವೇ ಬೇಡ.

ಈಗ ಸಮಯ. ಮೇಲಿನ ಲೆಕ್ಕ ಕೊಡುವುದು ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ಗೆರೆಯ ಉದ್ದ, ವಿಮಾನ ಆ ಗೆರೆಯ ಮೇಲೆಯೇ ಹಾರುವುದಿಲ್ಲ. ನಿಗದಿತ ಮಾರ್ಗ, ಇಳಿಯುವ ಮುಂಚಿನ ಸುತ್ತಾಟಕ್ಕೆಂದು ಶೇ. 5 ಸೇರಿಸಿ: 5,817 ಕಿ.ಮೀ. ದೊಡ್ಡ ಜೆಟ್‌ಗೆ ಗಂಟೆಗೆ 900 ಕಿ.ಮೀ. ವೇಗ ಹಿಡಿಯಿರಿ. ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನವಾದರೆ 500 ಸಾಕು.

ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್ ಎಂಬ ಎತ್ತರದ ಬಿರುಸು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದನ್ನು ಸರಾಸರಿ ಗಂಟೆಗೆ 100 ಕಿ.ಮೀ. ಎಂದಿಟ್ಟುಕೊಂಡರೆ ನ್ಯೂಯಾರ್ಕ್‌ಗೆ ಹೋಗುವಾಗ ವೇಗ 800ಕ್ಕಿಳಿದು 7 ಗಂಟೆ 16 ನಿಮಿಷ ಹಿಡಿಯುತ್ತದೆ. ವಾಪಸು ಬರುವಾಗ 1,000ಕ್ಕೇರಿ 5 ಗಂಟೆ 49 ನಿಮಿಷ. ಎರಡಕ್ಕೂ ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆ 40 ನಿಮಿಷ ಕೂಡಿಸಿ, ಏಕೆಂದರೆ ಟಿಕೆಟ್‌ನಲ್ಲಿರುವುದು ಗೇಟ್‌ನಿಂದ ಗೇಟ್‌ಗೆ ಹಿಡಿಯುವ ಸಮಯ. ತಡವಾದೀತೆಂದು ಕಂಪನಿಗಳು ಅದರ ಮೇಲೂ ಒಂದಿಷ್ಟು ಸೇರಿಸುತ್ತವೆ. 500 ಕಿ.ಮೀ. ಹಾರಾಟಕ್ಕೂ ಟಿಕೆಟ್‌ನಲ್ಲಿ ಒಂದು ಗಂಟೆಗಿಂತ ಹೆಚ್ಚು ಕಾಣುವುದು ಇದರಿಂದಲೇ.

ವಾಯುಪ್ರದೇಶ ಮುಚ್ಚಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಹಾರಾಟ ಸುಮಾರು ಒಂಬತ್ತೂವರೆ ಗಂಟೆಯಿಂದ 13 ಗಂಟೆಯ ಆಸುಪಾಸಿಗೆ ಏರಿತು.

ಟಿಕೆಟ್‌ನ ಹೊರಡುವ, ತಲುಪುವ ಹೊತ್ತು ಆಯಾ ಊರಿನ ಗಡಿಯಾರದ್ದು. ಹಾಗೇ ಕಳೆದರೆ ತಪ್ಪು ಉತ್ತರ ಬರುತ್ತದೆ. ನ್ಯೂಯಾರ್ಕ್ ಲಂಡನ್‌ಗಿಂತ 5 ಗಂಟೆ ಹಿಂದಿದೆ. ಆದರೆ ಅಮೆರಿಕ ಮಾರ್ಚ್ ಎರಡನೇ ಭಾನುವಾರವೇ ಬೇಸಿಗೆ ಸಮಯಕ್ಕೆಂದು ಗಡಿಯಾರ ಒಂದು ಗಂಟೆ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ಆ ನಡುವೆ ಅಂತರ 4 ಗಂಟೆ ಮಾತ್ರ.